ಮೀನಿನ ಟಿವಿಗೆ ಕಿವಿ ಕಟ್ಟುವ ಕೆಲಸ

ಶಹಾಪುರದಲ್ಲಿ ದೋಣಿಗಳಿಗೆ ಮೀನು ತೋರಿಸುವ ಫಿಶ್ ಫೈಂಡರ್ ಯಂತ್ರ ಕೂರಿಸುವ ಕೆಲಸ ಮಾಡುತ್ತಿದ್ದೆ ಎಂದರೆ ಬೀಗರ ಮನೆಯಲ್ಲಿ ಕೂಡ ಮೊದಲು ನಗುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ. "ನಮ್ಮ ಕಡಿಗಿ ಸಮುದ್ರ ಯಾವಾಗ ಬಂತ್ರಿ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಸಮುದ್ರ ಬಂದಿಲ್ಲ. ಆದರೆ ಯಾದಗಿರಿಯ ಮಗ್ಗುಲಿಗೆ ಭೀಮೆ ಇದ್ದಾಳೆ, ಸುರಪುರದ ಆಚೆ ಕೃಷ್ಣೆ ಅಣೆಕಟ್ಟಿನ ಹಿಂದೆ ಕಾಲು ಚಾಚಿ ಮಲಗಿದ್ದಾಳೆ, ಹತ್ತಿಕುಣಿಯಲ್ಲಿ ಜಲಾಶಯವಿದೆ. ಇಷ್ಟು ನೀರಿದ್ದ ಮೇಲೆ ಮೀನು ಹಿಡಿಯುವವರು ಇರಲೇಬೇಕಲ್ಲ.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಮೊನ್ನೆ ನಾನು ದುಡಿದ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಬಂದು ನನ್ನ ಹಳೆಯ ಚೀಲ ಬಿಚ್ಚಿ ನೋಡಿದರು. ಪಾನಾ, ಸ್ಕ್ರೂ ಡ್ರೈವರ್, ಸೈಕಲ್ ಟ್ಯೂಬಿನ ಪಟ್ಟಿ, ಕುಸುಬಿ ಎಣ್ಣೆಯ ಸೀಸೆ ಎಲ್ಲ ಸರಿ. ಕೊನೆಗೆ ಹವಾಯಿ ಚಪ್ಪಲಿಯ ಅರ್ಧ ತುಂಡೊಂದು ಸಿಕ್ಕಿತು.

"ಇದೇನ್ರಿ ಕಾಕಾ, ದೃಷ್ಟಿ ಆಗಬಾರದಂತೇನು?" ಎಂದ ಒಬ್ಬ.

ಅದು ಕೃಷ್ಣೆಯ ತಳದಿಂದ ಎದ್ದು ಬಂದ ಚಪ್ಪಲಿ. ಯಂತ್ರ ಕೂರಿಸಿದ ಮೇಲೆ ಅದನ್ನು ಹಗ್ಗದಲ್ಲಿ ಕಲ್ಲಿಗೆ ಕಟ್ಟಿ ನೀರಿಗೆ ಬಿಡುತ್ತಿದ್ದೆ. ಪರದೆಯ ಮೇಲೆ ಚಪ್ಪಲಿ ಕಂಡರೆ ಯಂತ್ರ ಸರಿ ಕೂತಿದೆ ಎಂದರ್ಥ. ಈ ಪರೀಕ್ಷೆ ನನಗೆ ಯಾವ ಕಂಪನಿಯವರೂ ಕಲಿಸಿದ್ದಲ್ಲ. ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು.

ನಮ್ಮದು ಪಂಪ್‌ಸೆಟ್ಟಿನ ಮೋಟರ್ ಸುತ್ತುವ ಅಂಗಡಿ. ಮಾಲಕರು ಮೆಹಬೂಬ್ ಸಾಹೇಬರು. ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಗಿರಾಕಿಗೆ ಬೈದು ಕಳಿಸಿ, ಅವನು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಮತ್ತೆ ಕರೆಸಿ ಚಹಾ ಕುಡಿಸುವವರು. ಅವರು ಒಮ್ಮೆ ಹೈದರಾಬಾದಿಗೆ ತಾಮ್ರದ ತಂತಿ ತರಲು ಹೋದವರು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. "ಶರಣಪ್ಪಾ, ಇದು ಮೀನಿನ ಟಿವಿ. ನೀರಾಗ ಬಿಟ್ರ ಮೀನ ಎಲ್ಲಿ ಅದಾವಂತ ತೋರಸ್ತದ. ಕೃಷ್ಣಾ ದಂಡಿ ಮ್ಯಾಲಿನ ಮಂದಿ ಸಾಲು ಹಚ್ಚಿ ಬರ್ತಾರ ನೋಡು!"

ಯಂತ್ರಕ್ಕೆ ಎರಡು ಭಾಗ. ದೋಣಿಯಲ್ಲಿ ಕಣ್ಣ ಮುಂದೆ ಇರುವ ಪರದೆ ಒಂದು. ತಂತಿಯ ತುದಿಯಲ್ಲಿ, ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಇನ್ನೊಂದು. ಮುಷ್ಟಿಯಷ್ಟು ದೊಡ್ಡ ಕರಿಯ ಗುಂಡು ಅದು. ಹಾಳು ಬಾವಿಯಲ್ಲಿ ಬಗ್ಗಿ "ಓ" ಎಂದರೆ ಬಾವಿಯೂ "ಓ" ಎನ್ನುತ್ತದಲ್ಲ, ಅದೇ ಲೆಕ್ಕ. ಗುಂಡು ನಮಗೆ ಕೇಳದ ದನಿಯಲ್ಲಿ ನೀರಿನೊಳಗೆ ಕೂಗುತ್ತದೆ. ತಳಕ್ಕೋ ಮೀನಿಗೋ ಬಡಿದು ಮರಳಿದ ದನಿಯನ್ನು ಕೇಳಿಸಿಕೊಂಡು ಪರದೆಗೆ ಹೇಳುತ್ತದೆ. ಬಾಯಿಯೂ ಅದೇ, ಕಿವಿಯೂ ಅದೇ. ಮೆಹಬೂಬ್ ಸಾಹೇಬರು ಅಂದೇ ತೀರ್ಮಾನ ಕೊಟ್ಟರು. "ಬಾಯಿ ಅಂದ್ರ ಗಿರಾಕಿ ನಂಬಂಗಿಲ್ಲ. ಕಿವಿ ಅಂತ ಹೇಳು." ಆವತ್ತಿನಿಂದ ನಮ್ಮ ಅಂಗಡಿಯಲ್ಲಿ ಟ್ರಾನ್ಸ್‌ಡ್ಯೂಸರಿಗೆ ಕಿವಿ ಎಂದೇ ಹೆಸರು.

ಮೊದಲ ಪರೀಕ್ಷೆ ಅಂಗಡಿ ಹಿಂದಿನ ಬಕೀಟಿನಲ್ಲಿ ನಡೆಯಿತು. ಕಿವಿಯನ್ನು ಬಕೀಟಿಗೆ ಬಿಟ್ಟೆವು. ಪರದೆಯ ಮೇಲೆ ಸಾಲುಸಾಲಾಗಿ ಮೀನಿನ ಚಿತ್ರ! ಒಂದೊಂದೂ ದೊಡ್ಡ ಕಾಟ್ಲಾ ಮೀನಿನ ಗಾತ್ರ! ಸಾಹೇಬರು ಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದರು. ಹಿಟ್ಟಿನ ಗಿರಣಿಯವನು ಬಕೀಟನ್ನೂ ಪರದೆಯನ್ನೂ ಸಾಹೇಬರ ಮುಖವನ್ನೂ ಒಂದೊಂದು ಸಲ ನೋಡಿ, "ಸಾಹೇಬ್ರ, ಈ ಬಕೀಟ ಎಷ್ಟಕ್ಕ ಕೊಡ್ತೀರಿ?" ಎಂದ. ಊರು ಅದನ್ನು ಮರೆಯಲು ಬಹಳ ಕಾಲ ಹಿಡಿಯಿತು.

ಮೊದಲ ಪಾಠ ಇದು. ಯಂತ್ರಕ್ಕೆ ಮೀನಿನ ಗುರುತು ಸಿಗುವುದಿಲ್ಲ. ನಡುನೀರಿನಲ್ಲಿ ಏನಿದ್ದರೂ, ಗಾಳಿಗುಳ್ಳೆ ಇರಲಿ, ಕೊಳೆತ ಎಲೆ ಇರಲಿ, ಮೀನಿನ ಬೊಂಬೆ ಬರೆದುಬಿಡುತ್ತದೆ. ಆದ್ದರಿಂದ ಮೀನಿನ ಬೊಂಬೆ ತೋರಿಸುವ ಗುಂಡಿಯನ್ನು ಬಂದ್ ಮಾಡಿ, ಹಸಿ ಗೆರೆಗಳನ್ನೇ ನೋಡುವುದನ್ನು ಕಲಿಯಿರಿ. ದೋಣಿ ಸಾಗಿದಂತೆ ಮೀನು ಒಂದು ಕಮಾನಿನ ಹಾಗೆ ಬೀಳುತ್ತದೆ, ಮರ ಗೊಂಚಲಾಗಿ ಬೀಳುತ್ತದೆ, ತಳ ಅಖಂಡ ಪಟ್ಟಿಯಾಗಿ ಬೀಳುತ್ತದೆ. ಪರದೆಯ ಬಲತುದಿಯಲ್ಲಿ ಇರುವುದು ಈ ಗಳಿಗೆಯದು, ಎಡಕ್ಕೆ ಸರಿದದ್ದೆಲ್ಲ ಹಿಂದೆ ಬಿಟ್ಟು ಬಂದದ್ದು. ಇದು ತಿಳಿಯದೆ ಎಡಗಡೆಯ ಮೀನಿಗೆ ದೋಣಿಯ ಎಡಕ್ಕೆ ಬಲೆ ಬೀಸಿದವರನ್ನು ನಾನೇ ನೋಡಿದ್ದೇನೆ.

ಇನ್ನು ಕಿವಿ ಆರಿಸುವ ಮಾತು. ಹೈದರಾಬಾದಿನ ಏಜೆಂಟ ದಪ್ಪ ದನಿಯ ಕಿವಿಗಳನ್ನು ನಮಗೆ ಹೊರಿಸಿದ್ದ. ಅದು ಆಳಕ್ಕೆ ಇಳಿಯುವ ದನಿ, ಅಗಲವಾಗಿ ಹರಡುವ ದನಿ. "ಸಮುದ್ರದ ತಳ ಮುಟ್ಟತದ್ರಿ" ಎಂದು ಎದೆ ತಟ್ಟಿಕೊಂಡು ಹೇಳಿದ್ದ. ನಮ್ಮ ನೀರಿನಲ್ಲಿ ಬಿಟ್ಟರೆ ಕಲ್ಲು, ಜಾಲಿಗಿಡ, ಮೀನು ಎಲ್ಲ ಕಲಸಿ ಮುದ್ದೆಯಾಗಿ ಕಂಡವು. ಸಾಹೇಬರು ಫೋನಿನಲ್ಲಿ ಗುಡುಗಿದರು. "ಏ ಭಾಯ್, ನಮಗ ತಳ ಇರೋದು ಇಲ್ಲೇ ಕಾಲಬುಡಕ್ಕ! ಆ ಸಮುದ್ರದ್ದು ನೀನಽ ಇಟಗೊ!"

ನಮ್ಮ ಹೊಳೆ, ಹಿನ್ನೀರುಗಳಿಗೆ ಸಣ್ಣ ದನಿಯ, ಅಂದರೆ ಹೆಚ್ಚು ಕಂಪನದ ಕಿವಿಯೇ ಬೇಕು. ಅದರ ದನಿ ಬ್ಯಾಟರಿ ಬೆಳಕಿನ ಹಾಗೆ ಕೆಳಗೆ ಕಿರಿದಾಗಿ ಬೀಳುತ್ತದೆ. ಒತ್ತಿ ನಿಂತ ಎರಡು ಮೀನನ್ನು ಎರಡಾಗಿಯೇ ತೋರಿಸುತ್ತದೆ. ಗಿರಾಕಿಗಳು ಅಗಲವಾದದ್ದನ್ನೇ ಕೇಳುತ್ತಾರೆ, ಜಾಸ್ತಿ ಕಾಣುತ್ತದೆಂಬ ಆಸೆಗೆ. ಜಾಸ್ತಿ ಕಾಣುವುದು ಬೇರೆ, ಬಿಡಿಸಿ ಕಾಣುವುದು ಬೇರೆ. ಎರಡೂ ದನಿ ಇರುವುದು ಸಿಕ್ಕರೆ ಬಹಳ ಒಳ್ಳೆಯದು. ಇನ್ನೊಂದು: ಕಿವಿಯೂ ಪರದೆಯೂ ಜೋಡಿಯಾಗಿರಬೇಕು. ಪಿನ್ ಕೂತಿತು ಎಂದ ಮಾತ್ರಕ್ಕೆ ಸಂಸಾರ ಕೂಡುವುದಿಲ್ಲ. ತಂತಿ ಉದ್ದವಾಯಿತೆಂದು ಕತ್ತರಿಸಬೇಡಿ, ಸುತ್ತಿ ಇಡಿ.

ಕೂರಿಸುವಾಗ ನಿಮ್ಮ ವೈರಿ ಒಂದೇ. ಗಾಳಿ. ನೀರಿನಲ್ಲಿ ಸರಾಗವಾಗಿ ಓಡುವ ದನಿ ಗಾಳಿ ಅಡ್ಡ ಬಂದರೆ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ. ಹತ್ತಿಕುಣಿಯಲ್ಲಿ ಒಬ್ಬರ ಎಂಜಿನ್ ದೋಣಿಯ ಹಿಂಬದಿಗೆ ಕಿವಿ ಕೂರಿಸಿ ಬಂದಿದ್ದೆ. ದೋಣಿ ನಿಂತಾಗ ತಳ ಕನ್ನಡಿಯಂತೆ ಕಾಣುವುದು. ಎಂಜಿನ್ ಓಡಿತೆಂದರೆ ಪರದೆ ಖಾಲಿ. "ಮಿಸ್ತ್ರಿಯವ್ರ, ನಿಮ್ಮ ಟಿವಿಗಿ ಎಂಜಿನ್ ಅಂದ್ರ ಅಂಜಿಕಿ ನೋಡ್ರಿ" ಎಂದು ಅವರು ಛೇಡಿಸಿದರು. ನಾನು ದೋಣಿಯ ಹಿಂದೆ ಬೋರಲು ಮಲಗಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿದೆ. ದೋಣಿಯ ತಳದ ಏಣೊಂದರಿಂದ ನೊರೆ ಎದ್ದು ನೇರ ಕಿವಿಯ ಮೇಲೇ ಹರಿಯುತ್ತಿತ್ತು. ಅದನ್ನು ಒಂದು ಗೇಣು ಆಚೆ, ಎಂಜಿನ್ನಿನ ಪಂಖದಿಂದ ದೂರ ಸರಿಸಿ, ಬೆರಳಷ್ಟು ಕೆಳಗಿಳಿಸಿದೆ. ಎಂಜಿನ್ನಿನ ಅಂಜಿಕೆ ಹೋಯಿತು. ನನ್ನ ಅಂಗಿ ಮಾತ್ರ ಊರು ಮುಟ್ಟುವವರೆಗೂ ಮೀನು ನಾತ ಹೊಡೆಯಿತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಬಂತು.

ಗಟ್ಟಿ ಫೈಬರ್ ತಳವಿದ್ದರೆ ಕಿವಿಯನ್ನು ದೋಣಿಯ ಒಳಗೇ ಅಂಟಿಸಬಹುದು, ದನಿ ಫೈಬರ್ ದಾಟಿ ಹೋಗುತ್ತದೆ. ಆದರೆ ಅಂಟಿನಲ್ಲಿ ಗುಳ್ಳೆ ಇರಬಾರದು. ನಮ್ಮ ಸಾಹೇಬರು ಒಮ್ಮೆ "ಸರಿ ಅತ್ಲಾಗ, ನಿನಗ ಕಲಸಾಕ ಬರಂಗಿಲ್ಲ" ಎಂದು ನನ್ನನ್ನು ಸರಿಸಿ, ಬಿರಿಯಾನಿ ಮಸಾಲೆ ಕಲಸುವ ಹುರುಪಿನಲ್ಲಿ ಅಂಟು ಕಲಸಿದರು. ಅದು ನೊರೆ ನೊರೆಯಾಗಿ ಹಾಗೆಯೇ ಕಲ್ಲಾಯಿತು. ಕಿವಿ ಕಿವುಡಾಯಿತು. ಅದಕ್ಕೇ ಹೇಳುತ್ತೇನೆ, ಅಂಟನ್ನು ನಿಧಾನವಾಗಿ, ಕೂಸಿಗೆ ಗಂಜಿ ಕಲಸಿದಂತೆ ಕಲಸಿ. ಅದಕ್ಕೂ ಮೊದಲು ದೋಣಿಯ ತಳದಲ್ಲಿ ಒಂದಿಷ್ಟು ನೀರು ನಿಲ್ಲಿಸಿ, ಕಿವಿಯನ್ನು ಅದರಲ್ಲಿ ಒತ್ತಿ ಹಿಡಿದು, ಆ ಜಾಗದಲ್ಲಿ ಕಾಣುತ್ತದೋ ಇಲ್ಲವೋ ನೋಡಿ. ಆಮೇಲೆ ಅಂಟಿಸಿ.

ಆದರೆ ನಮ್ಮ ಕಡೆಯ ಮುಖ್ಯ ದೋಣಿ ಎಂಜಿನ್ನಿನದಲ್ಲ, ಹರಗೋಲು. ಬಿದಿರಿನ ದುಂಡು ಬುಟ್ಟಿ, ಹೊರಗೆ ತಾಡಪಾಲಿನ ಹೊದಿಕೆ, ಅದರ ಮೇಲೆ ಡಾಂಬರು. ದುಂಡಗಿನ ದೋಣಿಗೆ ಹಿಂದೆ ಯಾವುದು ಮುಂದೆ ಯಾವುದು? ಕಂಪನಿಯ ಪುಸ್ತಕದಲ್ಲಿ 'ದೋಣಿಯ ಹಿಂಬದಿಗೆ ಕೂರಿಸಿ' ಎಂದಿರುತ್ತದೆ. ಹರಗೋಲಿಗೆ ಬೆನ್ನೂ ಇಲ್ಲ, ಎದೆಯೂ ಇಲ್ಲ. ಅದರ ತಳಕ್ಕೆ ತೂತು ಕೊರೆಯುವ ಮಾತಂತೂ ಆಡಬಾರದು. ಹಾಗಾಗಿ ಒಂದು ಬಿದಿರು ಕೋಲಿನ ತುದಿಗೆ ಕಿವಿಯನ್ನು ಕಟ್ಟಿ, ಕೋಲನ್ನು ಹರಗೋಲಿನ ಅಂಚಿಗೆ ಸೈಕಲ್ ಟ್ಯೂಬಿನಿಂದ ಬಿಗಿಯುತ್ತಿದ್ದೆ. ಕಿವಿಯ ಮುಖ ನೆಟ್ಟಗೆ ಕೆಳಕ್ಕಿರಬೇಕು, ಅಷ್ಟೇ.

ಈಗ ಚಪ್ಪಲಿಯ ವಿಷಯಕ್ಕೆ ಬಂದೆ.

ಸುರಪುರದಾಚೆ ಕೃಷ್ಣೆಯ ಹಿನ್ನೀರಿನ ಒಂದು ಊರು. ಅಲ್ಲಿನ ಮೀನುಗಾರರ ಸಂಘಕ್ಕೆ ಹೊಸ ಫೈಬರ್ ದೋಣಿ ಬಂದಿತ್ತು. ಅದರ ಹಿಂಬದಿಗೆ ಕಿವಿ ಕೂರಿಸಿ, ನೀರಿಗಿಳಿಸುವ ದಿನ ಬರುತ್ತೇನೆಂದು ಹೇಳಿ ಬಂದಿದ್ದೆ. ಸಂಘದ ಹಿರಿಯ ನಿಂಗಪ್ಪ. ಗಟ್ಟಿ ಆಳು, ಸಣ್ಣಗೆ ಒಂದು ಕಡೆ ವಾಲಿ ನಡೆಯುವವನು. ಆವತ್ತು ನಾನು ಹೋದಾಗ ಬರಿಗಾಲಲ್ಲಿ ನಿಂತು ಒಂದು ಕೆಂಪು ನಾಯಿಗೆ ಕಲ್ಲು ಬೀಸುತ್ತಿದ್ದ.

"ಯಾಕ್ರಿ ನಿಂಗಪ್ಪಣ್ಣ, ನಾಯಿ ಮ್ಯಾಲ ಸಿಟ್ಟು?"

"ಮನಿ ಬಾಗಲಾಗ ಬಿಟ್ಟಿದ್ದ ಚಪ್ಪಲಿ ಒಯ್ದದ್ರಿ ಬಾಡಕೋ! ಬ್ಯಾಸಗಿ ಪೂರಾ ಬರಿಗಾಲಾಗ ಅಡ್ಡಾಡೀನಿ. ಗುರುತಿಗಿ ಮೊಳಿ ಕಾಸಿ ಸುಟ್ಟು ಕತ್ರಿ ಗೆರಿ ಹಾಕಿದ್ದೆ. ಮಂದಿ ಕದ್ರ ಹಿಡೀಬಹುದು, ನಾಯಿನ್ನ ಹ್ಯಾಂಗ ಹಿಡೀಲಿ?"

ದೋಣಿಗೆ ಕಾಯಿ ಒಡೆದು, ಹೂವು ಏರಿಸಿ, ನೀರಿಗೆ ನೂಕಿದರು. ಪರದೆ ಹಚ್ಚಿದೆ. ಏನೂ ಇಲ್ಲ. ತಳವೇ ಇಲ್ಲ. ಕೃಷ್ಣೆಗೆ ತಳ ಇಲ್ಲವೆಂದರೆ ಹೇಗೆ? ದೋಣಿಯನ್ನು ದಡಕ್ಕೆ ಎಳೆಸಿ ಕೆಳಗೆ ನೋಡಿದರೆ, ಇಡೀ ತಳ ಕರ್ರಗೆ ಹೊಳೆಯುತ್ತಿದೆ. ಕಿವಿಯೂ ಕರ್ರಗೆ, ದಪ್ಪಗೆ, ಬೆಲ್ಲದ ಉಂಡೆಯಂತೆ ಆಗಿದೆ. ಡಾಂಬರು!

"ನೀರಿಗಿ ಇಳಿಯೋ ದೋಣಿಗಿ ಡಾಂಬರ ಬಳೀದಽ ಇಳಸ್ತಾರೇನ್ರಿ?" ಎಂದ ನಿಂಗಪ್ಪ, ನಾನೇ ತಪ್ಪು ಮಾಡಿದಂತೆ. "ನಿಮ್ಮ ಕಿವಿಗಿ ಎಲ್ಡು ಕೈ ಜಾಸ್ತಿ ಹಚ್ಚೀವಿ. ಅದರಾಗ ನೀರ ಹೊಕ್ಕಬಾರದಂತ."

ಫೈಬರಿಗೆ ಡಾಂಬರು ಬೇಕಿಲ್ಲ. ಆದರೆ ಅವರ ಅಪ್ಪ, ಅಜ್ಜ, ಎಲ್ಲರೂ ಹೀಗೆಯೇ ದೋಣಿಯನ್ನು ನೀರಿಗೆ ಒಪ್ಪಿಸಿದವರು. ಪ್ರೀತಿಯಿಂದ ಬಳಿದ ಡಾಂಬರಿಗೆ ಹೇಗೆ ಬೈಯುವುದು? ಅವನು ಕುಡುಗೋಲು ಹಿಡಿದು ಕೆರೆಯಲು ಬಂದ, ತಡೆದೆ. ಸೀಮೆಎಣ್ಣೆ ತರುತ್ತೇನೆಂದ, ಅದನ್ನೂ ತಡೆದೆ. ಅದು ಕಿವಿಯ ಮುಖವನ್ನೇ ತಿಂದುಬಿಡಬಹುದು. ಯಾರದೋ ಮನೆಯಿಂದ ಕುಸುಬಿ ಎಣ್ಣೆ ತರಿಸಿ, ಬಟ್ಟೆಯಲ್ಲಿ ನೆನೆಸಿ ಕಿವಿಗೆ ಸುತ್ತಿ ಇಟ್ಟೆ. ಡಾಂಬರು ತಾನಾಗಿ ಮೆತ್ತಗಾಗಿ ಬಿಡಬೇಕು. ಅಲ್ಲಿಯವರೆಗೆ ಕಾಯುವುದೇ ಕೆಲಸ.

ಆಗ ನಿಂಗಪ್ಪನ ತಂಗಿ ಯಂಕಮ್ಮ ಹತ್ತಿರ ಬಂದಳು. ಸೆರಗು ಬಿಗಿದು ಕಟ್ಟಿದ್ದಾಳೆ, ಕಣ್ಣು ಅತ್ತು ಒಣಗಿದಂತಿವೆ.

"ಮಿಸ್ತ್ರಿ ಕಾಕಾ, ನಿಮ್ಮ ಟಿವಿಯಾಗ ಬಲಿ ಕಾಣತದೇನ್ರಿ?"

ಅವಳ ಕಥೆ ಇಷ್ಟು. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನೀರು ಕಂಡರೆ ಮಾರು ದೂರ. ಇವಳು ಮದುವೆಗೆ ಮೊದಲಿನಿಂದಲೂ ಅಣ್ಣನ ಹರಗೋಲಿನಲ್ಲಿ ಹುಟ್ಟು ಹಾಕಿದವಳು. ದೋಣಿ ನಡೆಸುವುದು ಇವಳು, ಬಲೆ ಅಣ್ಣನದು, ಮಾತೂ ಅಣ್ಣನದು. ಈ ಬೇಸಿಗೆ ಪೂರ್ತಿ ಕೂತು ತನ್ನದೇ ಬಲೆ ಕಟ್ಟಿದ್ದಳು. ಹಳೆಯ ಹರಗೋಲೊಂದನ್ನು ತಾನೇ ಡಾಂಬರು ಬಳಿದು ಎಬ್ಬಿಸಿದ್ದಳು. ಅವಳು ಕಟ್ಟಿದ್ದು ತಳದಲ್ಲಿ ಗೋಡೆಯಂತೆ ನಿಲ್ಲುವ ಬಲೆ. ಕೆಳ ಹಗ್ಗಕ್ಕೆ ಭಾರದ ನಟ್ಟುಗಳು, ಮೇಲಿನ ಹಗ್ಗಕ್ಕೆ ತೇಲುವ ಬೆಂಡು, ಎರಡು ತುದಿಗೂ ನೀರಿನ ಮೇಲೆ ಗುರುತಿಗೆ ಖಾಲಿ ಕ್ಯಾನು. ಹಿಂದಿನ ಸಂಜೆ ಬಲೆ ಬಿಟ್ಟು ಬಂದಳು. ಬಿರುಗಾಳಿ ಎದ್ದು ಎರಡೂ ಕ್ಯಾನು ಹರಿದುಕೊಂಡು ದಡಕ್ಕೆ ಬಂದವು. ಬಲೆ ತಳದಲ್ಲೇ ಉಳಿಯಿತು. ಕೊಕ್ಕೆ ಎಸೆದು ಹುಡುಕಿದರೆ ಮುಳುಗಿದ ಜಾಲಿಗಿಡಗಳಿಗೇ ಸಿಕ್ಕು ಕೊಕ್ಕೆ ಮುರಿಯಿತು.

ನಿಂಗಪ್ಪ ಅಲ್ಲಿಂದಲೇ ಕೂಗಿದ. "ನಾ ಹೇಳಿದ್ದಿಲ್ಲೇನು? ಬಲಿ ಬಿಡೋದು ಅಂದ್ರ ರೊಟ್ಟಿ ಬಡಿಯೋದಲ್ಲ. ಸಂಜಿಮಟ ಹುಡುಕು. ಸಿಗಲಿಲ್ಲಂದ್ರ ನಾಳಿ ಮುಂಜಾನಿ ನನ್ನ ಹರಗೋಲಿಗಿ ಬಂದು ಸುಮ್ಮ ಕುಂದರು."

"ರೊಟ್ಟಿ ಬಡಿಯಾಕರ ಬರತದೇನು ನಿನಗ?" ಎಂದಳು ಇವಳು, ತಿರುಗಿ ನೋಡದೆ.

ಬಲೆಯ ನೂಲು ಯಂತ್ರಕ್ಕೆ ಕಾಣುವುದಿಲ್ಲ. ಅದನ್ನೇ ಹೇಳಲು ಬಾಯಿ ತೆರೆದವನು, ಕೇಳಿದೆ. "ಬೆಂಡು ಯಾತರದು ಕಟ್ಟೀಯವ್ವಾ?"

ಅವಳು ಅಣ್ಣನ ಕಡೆಗೊಮ್ಮೆ ನೋಡಿ ದನಿ ಇಳಿಸಿದಳು. "ಹಳಿ ಹವಾಯಿ ಚಪ್ಪಲಿ ಕತ್ತರಿಸಿ ಕಟ್ಟೀನ್ರಿ. ಓಣಿಯಾಗ ಯಾರ್ಯಾರ್ದು ಸಿಗತಾವ ಎಲ್ಲಾ."

ಹವಾಯಿ ಚಪ್ಪಲಿ ಎಂದರೆ ರಬ್ಬರಿನೊಳಗೆ ಸಾವಿರ ಸಣ್ಣ ಗಾಳಿಗುಳ್ಳೆ. ಇಷ್ಟು ವರ್ಷ ನಾನು ಯಾವ ಗಾಳಿಯನ್ನು ಬೈದು ಓಡಿಸುತ್ತಿದ್ದೆನೋ, ಅದೇ ಗಾಳಿ ತಳದಲ್ಲಿ ಸಾಲಾಗಿ ನಿಂತಿದೆ! ದನಿ ಅದಕ್ಕೆ ಬಡಿಯಲೇಬೇಕು, ತಿರುಗಿ ಬರಲೇಬೇಕು. ಚೀಲದಲ್ಲಿ ಪರೀಕ್ಷೆಗೆಂದು ಇಟ್ಟ ಇನ್ನೊಂದು ಕಿವಿ ಇತ್ತು. ಸಣ್ಣ ದನಿಯದು. ಬಿದಿರು ಕೋಲಿಗೆ ಕಟ್ಟಿ ಅವಳ ಹರಗೋಲಿನ ಅಂಚಿಗೆ ಬಿಗಿದೆ, ಸಂಘದ ದೋಣಿಯ ಪರದೆಯನ್ನೂ ಬ್ಯಾಟರಿಯನ್ನೂ ಬಿಚ್ಚಿ ತಂದು ಅದಕ್ಕೆ ಜೋಡಿಸಿದೆ.

ಹರಗೋಲು ಹತ್ತಿದ ಮೇಲೆ ನನಗೆ ಈಜು ಬರುವುದಿಲ್ಲ ಎಂಬುದು ನೆನಪಾಯಿತು. ಅದು ಸಣ್ಣಗೆ ಗಿರಕಿ ಹೊಡೆಯುತ್ತ ಸಾಗುತ್ತದೆ. ನನ್ನ ತಲೆಯ ಜೊತೆಗೆ ಪರದೆಯ ಗೆರೆಗಳೂ ತಿರುಗಿದವು.

"ಕಾಕಾ, ಅಂಚು ಹಿಡಕೊಂಡು ಒಂದಽ ಕಡಿ ವಜ್ಜಿ ಹಾಕಬ್ಯಾಡ್ರಿ, ಇಬ್ರೂ ಮೀನಿಗಿ ಭೆಟ್ಟಿ ಆಗ್ತೀವಿ."

"ಯವ್ವಾ, ಇದು ತಿರುಗಿದ್ರ ನನಗ ಏನೂ ತಿಳಿಯಂಗಿಲ್ಲ. ನೆಟ್ಟಗ ಹೋಗಂಗ ಮಾಡು."

ಅವಳು ನೀರು ಮೊಗೆಯುವ ಬಕೀಟಿಗೆ ಹಗ್ಗ ಕಟ್ಟಿ ಹಿಂದಕ್ಕೆ ಬಿಟ್ಟಳು. ಬಕೀಟು ನೀರು ತುಂಬಿ ಹಿಂದಕ್ಕೆ ಜಗ್ಗಿತು. ಹರಗೋಲು ಗಿರಕಿ ಬಿಟ್ಟು ಗಾಳಿಯ ಜೊತೆ ಸಾವಕಾಶ ನೆಟ್ಟಗೆ ಹೊರಟಿತು. ದುಂಡು ದೋಣಿಗೂ ಒಂದು ಬೆನ್ನು ಬಂತು. ನನಗೆ ಅಂಗಡಿಯ ಬಕೀಟು ನೆನಪಾಗಿ ನಗು ಬಂತು. ಈ ಬಕೀಟು ಕೆಲಸಕ್ಕೆ ಬರುವಂಥದ್ದು.

ಒಂದು ಗೆರೆ ಹೋಗಿ ಬಂದೆವು. ಪಕ್ಕಕ್ಕೆ ಸರಿದು ಇನ್ನೊಂದು. ಗೊಂಚಲು ಕಂಡಾಗೆಲ್ಲ ಅವಳು, "ಅದು ಜಾಲಿಗಿಡ, ಮುಂದ ನಡೀರಿ" ಎನ್ನುವಳು. ಕಮಾನು ಕಂಡರೆ, "ಇರ್ಲಿ, ಮೀನ ಆಮ್ಯಾಲ" ಎನ್ನುವಳು. ಹೊತ್ತು ಇಳಿಯುತ್ತ ಬಂತು. ದಡದಲ್ಲಿ ನಿಂಗಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತ ನಿಂತಿದ್ದ. ಅವಳ ಹುಟ್ಟಿನ ಸದ್ದು ಸಣ್ಣದಾಗುತ್ತ ಹೋಯಿತು.

ಆಮೇಲೆ ಪರದೆಯ ಬಲತುದಿಯಲ್ಲಿ, ತಳದ ಪಟ್ಟಿಯಿಂದ ಸ್ವಲ್ಪ ಮೇಲೆ, ಒಂದು ಚುಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಎಲ್ಲ ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ.

ಅವಳು ಹುಟ್ಟು ಬಿಟ್ಟು ಬಗ್ಗಿದಳು. "ಕಾಕಾ, ಮೀನ ಎಲ್ಲ್ಯಾರ ಹಿಂಗ ಸಾಲಿ ಹುಡುಗರಂಗ ಪಾಳಿ ಹಚ್ಚಿ ನಿಲ್ಲತಾವೇನ್ರಿ?"

"ಇಲ್ಲವ್ವಾ. ಚಪ್ಪಲಿ ನಿಲ್ಲತಾವ."

ಚುಕ್ಕೆಗಳನ್ನು ಈಗಷ್ಟೇ ದಾಟಿದ್ದೆವು. ಅವಳು ಎರಡು ಹುಟ್ಟು ಹಿಂದಕ್ಕೆ ಹಾಕಿ, ನಿಂಗಪ್ಪನ ಮನೆಯಿಂದ ತಂದ ಕೊಕ್ಕೆಯನ್ನು ನೆಟ್ಟಗೆ ಕೆಳಕ್ಕೆ ಬಿಟ್ಟಳು. ಜಗ್ಗಿದಳು. ಬರಲಿಲ್ಲ. ಮತ್ತೆ ಬಿಟ್ಟಳು. ಈ ಸಲ ಹಗ್ಗ ಬಿಗಿಯಾಗಿ, ಒಂದಿಷ್ಟು ಬಳುಕಿ, ಮೇಲೆ ಬಂತು. ಮೊದಲು ಒಂದು ನೀಲಿ ಚಪ್ಪಲಿಯ ತುಂಡು, ಈಗ ನನ್ನ ಚೀಲದಲ್ಲಿರುವುದೇ, ನೀರಿನಿಂದ ತಲೆ ಎತ್ತಿತು. ಅದರ ಬೆನ್ನಿಗೆ ಬಲೆ, ಬಲೆಯಲ್ಲಿ ಹೊಳೆಯುವ ರೋಹು ಮೀನು. ಯಂಕಮ್ಮ ಹಾಕಿದ ಕೇಕೆ ಆಚೆ ದಂಡೆಗೆ ಹೋಗಿ ತಿರುಗಿ ಬಂತು. ಅದಕ್ಕೆ ಯಾವ ಕಿವಿಯೂ ಬೇಕಿರಲಿಲ್ಲ.

ಬಲೆ ಭಾರವಿತ್ತು, ಅಲ್ಲಲ್ಲಿ ಜಾಲಿ ಮುಳ್ಳಿಗೆ ಸಿಕ್ಕಿತ್ತು. ನಾನು ಪರದೆ ಎದೆಗವಚಿಕೊಂಡು ಕೂತವನು, ಜಗ್ಗಲು ಯಾತಕ್ಕೂ ಬಾರದವನು. ಅಷ್ಟರಲ್ಲಿ ನಿಂಗಪ್ಪನೇ ತನ್ನ ಹರಗೋಲು ಹಾಕಿಕೊಂಡು ಬಂದ. ಬಂದವನು ತಂಗಿಯನ್ನು ನೋಡಲಿಲ್ಲ, ಮೀನನ್ನೂ ನೋಡಲಿಲ್ಲ. ಮೇಲಿನ ಹಗ್ಗದಲ್ಲಿ ತೂಗುತ್ತಿದ್ದ ಒಂದು ಹಸಿರು ತುಂಡನ್ನು ಕೈಯಲ್ಲಿ ಹಿಡಿದ. ಹಿಮ್ಮಡಿ ಒಂದೇ ಕಡೆ ಸವೆದಿತ್ತು. ನಡುವೆ ಕಾಸಿದ ಮೊಳೆಯಲ್ಲಿ ಸುಟ್ಟ ಕತ್ತರಿ ಗುರುತು.

ದಡದ ಮೇಲೆ ಕೆಂಪು ನಾಯಿ ಕೂತು ನಮ್ಮ ಕಡೆಗೇ ನೋಡುತ್ತಿತ್ತು.

ನಿಂಗಪ್ಪ ಆ ಚಪ್ಪಲಿಯನ್ನು ತಿರುವಿ ಮುರುವಿ ನೋಡಿದ. ಆಮೇಲೆ ಕೇಳಿದ. "ಇನ್ನೊಂದು ಕಾಲಿಂದು ಎಲ್ಲಿ, ಯಂಕಿ?"

"ಆ ತುದೀಗಿ ಅದ ಅಣ್ಣಾ," ಎಂದಳು ಅವಳು, ಹಗ್ಗದ ತುದಿಯನ್ನು ಅವನ ಕೈಗೆ ಕೊಡುತ್ತ. "ಇಲ್ಲಿ ಬಂದು ಸುಮ್ಮ ಕುಂತು ಜಗ್ಗು, ಬರತದ."

ನಿಂಗಪ್ಪ ತನ್ನ ಹರಗೋಲನ್ನು ಅವಳದಕ್ಕೆ ಕಟ್ಟಿ, ಈಚೆಗೆ ದಾಟಿ ಬಂದು ಜಗ್ಗತೊಡಗಿದ.